ಅದು ಕುಣಿತ ಅಂದುಕೊಂಡಿದ್ದೆವು

ನಮ್ಮ ವಿಭಾಗದ ಎದುರಿನ ಕ್ಯಾಂಟೀನಿಗೆ ಎಂ.ಎ. ಮೊದಲ ವರ್ಷದ ಹುಡುಗನೊಬ್ಬ ವಾರಕ್ಕೆರಡು ಸಲವಾದರೂ ಒಂದೇ ಕಪ್ಪು ಟೀ ಶರ್ಟಿನಲ್ಲಿ ಬರುತ್ತಾನೆ. ಎದೆಯ ಮೇಲೆ ಒಂದರ ಕೆಳಗೊಂದು ಬಿಳಿ ಗೆರೆಗಳು. ಅಂಚಿನಲ್ಲಿ ನೆಟ್ಟಗಿದ್ದು, ನಡುವೆ ಬೆಟ್ಟದ ಸಾಲಿನ ಹಾಗೆ ಏಳುತ್ತವೆ. ಇದೇನು ಗೊತ್ತಾ ಎಂದು ಒಮ್ಮೆ ಕೇಳಿದೆ. 'ಏನೋ ಡಿಸೈನು, ಚೆನ್ನಾಗಿತ್ತು, ತಗೊಂಡೆ ಅಷ್ಟೇ' ಅಂದ. ಅದು 1967ರಲ್ಲಿ ಕೇಂಬ್ರಿಡ್ಜಿನಲ್ಲಿ ಜಾಸೆಲಿನ್ ಬೆಲ್ ಗುರುತಿಸಿದ ಮೊದಲ ಪಲ್ಸಾರ್ ನಕ್ಷತ್ರದ ರೇಡಿಯೋ ಮಿಡಿತಗಳ ಚಿತ್ರ. 1979ರ ಜೂನ್‌ನಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಜಾಯ್ ಡಿವಿಷನ್ ಎಂಬ ರಾಕ್ ಬ್ಯಾಂಡ್ 'ಅನ್‌ನೋನ್ ಪ್ಲೆಷರ್ಸ್' ಎಂಬ ತನ್ನ ಮೊದಲ ಆಲ್ಬಂ ಹೊರತಂದಾಗ ಪೀಟರ್ ಸ್ಯಾವಿಲ್ ಎಂಬ ವಿನ್ಯಾಸಕಾರ ಆ ಚಿತ್ರವನ್ನು ಹೊದಿಕೆಗೆ ಬಳಸಿದ. ಅಲ್ಲಿಂದ ಮುಂದೆ ಬ್ಯಾಂಡು ಒಂದು ವರ್ಷವೂ ಬಾಳಲಿಲ್ಲ. ಗೆರೆಗಳು ಮಾತ್ರ ನಮ್ಮ ಫುಟ್‌ಪಾತಿನ ಬಟ್ಟೆ ಅಂಗಡಿಗಳವರೆಗೂ ಬಂದಿವೆ.

ಆ ಹುಡುಗನಿಗೆ ನಾನು ಹೆಚ್ಚೇನೂ ಹೇಳಲಿಲ್ಲ. ಹೊದಿಕೆಯ ಕತೆ ಎಲ್ಲಾದರೂ ಸಿಗುತ್ತದೆ. ನನ್ನನ್ನು ಎರಡು ವರ್ಷದಿಂದ ಹಿಡಿದುಕೊಂಡಿರುವುದು ಬೇರೆಯದು. ಈ ಬ್ಯಾಂಡನ್ನು ಕಣ್ಣಾರೆ ನೋಡಿದವರು, ಈಗ ಅರವತ್ತು ದಾಟಿದವರು, ಆ ಸಂಜೆಗಳನ್ನು ಹೇಗೆ ನೆನೆಯುತ್ತಾರೆ ಅನ್ನುವುದು. ನನ್ನ ಪಿಎಚ್.ಡಿ. ವಿಷಯ ನಮ್ಮ ವೃತ್ತಿ ನಾಟಕ ಕಂಪನಿಗಳ ಪ್ರೇಕ್ಷಕರದ್ದು. ನಾಟಕ ಹೋಗಿದೆ, ಕ್ಯಾಂಪು ಹೋಗಿದೆ, ನಟರೂ ಬಹುಪಾಲು ಹೋಗಿದ್ದಾರೆ. ಉಳಿದಿರುವುದು ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂತು ನೋಡಿದವರ ಮಾತು. ಈ ಮಾತನ್ನು ಎಷ್ಟು ನಂಬಬೇಕು, ಹೇಗೆ ಓದಬೇಕು ಎಂದು ಕಲಿಯಲು ಬೇರೆ ಊರಿನ, ಬೇರೆ ಕಲೆಯ ಪ್ರೇಕ್ಷಕರ ನೆನಪುಗಳನ್ನು ಓದಹೊರಟೆ. ಮ್ಯಾಂಚೆಸ್ಟರಿಗೆ ಹೋಗಿ ತಲುಪಿದ್ದು ಹಾಗೆ. ಮಾರ್ಗದರ್ಶಕರು 'ವಿಷಯಾಂತರ' ಅಂದರು. ಇರಬಹುದು.

ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡುತ್ತೇನೆ. ನಾಲ್ವರು ಹುಡುಗರು: ಹಾಡುವವನು ಇಯಾನ್ ಕರ್ಟಿಸ್, ಗಿಟಾರಿಗೆ ಬರ್ನಾರ್ಡ್ ಸಮ್ನರ್, ಬೇಸ್ ಗಿಟಾರಿಗೆ ಪೀಟರ್ ಹುಕ್, ಡ್ರಮ್ಸಿಗೆ ಸ್ಟೀಫನ್ ಮಾರಿಸ್. ಬ್ಯಾಂಡು 1977ರ ಮೇ ತಿಂಗಳಲ್ಲಿ ವಾರ್ಸಾ ಎಂಬ ಹೆಸರಿನಲ್ಲಿ ಮೊದಲ ಸಲ ವೇದಿಕೆ ಹತ್ತಿತು. 1978ರ ಜನವರಿಯಲ್ಲಿ ಜಾಯ್ ಡಿವಿಷನ್ ಆದರು. (ಆ ಹೆಸರು ನಾಜಿ ಶಿಬಿರದ ಹೆಂಗಸರ ಮೇಲಿನ ಒಂದು ಕಾದಂಬರಿಯಿಂದ ಬಂದದ್ದು; ಅದರ ಸುತ್ತಲಿನ ಜಗಳ ಇನ್ನೊಂದು ಲೇಖನಕ್ಕಾಗುವಷ್ಟಿದೆ.) 1980ರ ಮೇ 18ರಂದು ಕರ್ಟಿಸ್ ಮ್ಯಾಕಲ್ಸ್‌ಫೀಲ್ಡಿನ ತನ್ನ ಮನೆಯಲ್ಲಿ ತಾನಾಗಿ ಪ್ರಾಣ ಕಳೆದುಕೊಂಡ. ಮರುದಿನ ಬ್ಯಾಂಡು ಅಮೆರಿಕಕ್ಕೆ ಹೊರಡಬೇಕಿತ್ತು. ಅವನಿಗೆ 23 ವರ್ಷ. ಇದನ್ನು ಬರೆಯುತ್ತಿರುವ ನಾನು ಅವನಿಗಿಂತ ದೊಡ್ಡ ವಯಸ್ಸಿನಲ್ಲಿದ್ದೇನೆ, ಇನ್ನೂ ಮೂರನೇ ಅಧ್ಯಾಯ ಮುಗಿದಿಲ್ಲ. ಉಳಿದ ಮೂವರು ನ್ಯೂ ಆರ್ಡರ್ ಎಂಬ ಹೆಸರಿನಲ್ಲಿ ಮುಂದುವರಿದು ಬಹಳ ಪ್ರಸಿದ್ಧರಾದರು.

ಹೀಗಾಗಿ ಜಾಯ್ ಡಿವಿಷನ್ನನ್ನು ನೋಡಲು ಸಿಕ್ಕ ಕಾಲ ಎರಡೂಕಾಲು ವರ್ಷ. ಹೆಚ್ಚಿನ ಶೋಗಳು ಇಂಗ್ಲೆಂಡಿನಲ್ಲಿ, ಸಣ್ಣ ಸಣ್ಣ ಜಾಗಗಳಲ್ಲಿ ನಡೆದವು. ಪಬ್ಬಿನ ನೆಲಮಾಳಿಗೆ, ಕಾಲೇಜಿನ ಹಾಲು, ಯೂತ್ ಕ್ಲಬ್ಬು, ಮ್ಯಾಂಚೆಸ್ಟರಿನ ಹ್ಯೂಮ್ ಬಡಾವಣೆಯಲ್ಲಿ ಬಸ್ ನೌಕರರ ಕ್ಲಬ್ಬಾಗಿದ್ದ ರಸೆಲ್ ಕ್ಲಬ್ಬು. ನೋಡಿದವರ ನೆನಪುಗಳಲ್ಲಿ ಈ ಜಾಗಗಳು ಹಾಡಿಗಿಂತ ಮೊದಲು ಬರುತ್ತವೆ. ಅಂಟಂಟು ನೆಲ, ಬಿಯರ್ ವಾಸನೆ, ಚಳಿ, ಕೊನೆಯ ಬಸ್ಸು ತಪ್ಪಿದರೆ ಮನೆಗೆ ಎಷ್ಟು ಮೈಲಿ ನಡೆಯಬೇಕು ಅನ್ನುವ ಲೆಕ್ಕ. ಕಂಪನಿ ನಾಟಕದ ಹಿರಿಯರನ್ನು ಮಾತಾಡಿಸಿದವರಿಗೆ ಇದು ಹೊಸದಲ್ಲ. ಅವರೂ ಪಾತ್ರದ ಬಗ್ಗೆ ಹೇಳುವ ಮುಂಚೆ ಪೆಟ್ರೋಮ್ಯಾಕ್ಸಿನ ಬಗ್ಗೆ, ಗೇಟಿನಲ್ಲಿ ನುಸುಳಿದ್ದರ ಬಗ್ಗೆ ಹೇಳುತ್ತಾರೆ. ಮೈಗೆ ಆದದ್ದನ್ನು ಹೇಳುವಾಗ ನೆನಪು ಹೆಚ್ಚು ಸುಳ್ಳು ಹೇಳುವುದಿಲ್ಲ ಎಂಬುದು ನನ್ನ ಈವರೆಗಿನ ಅನುಭವ. ಆ ಸಂಜೆಗೆ ಏನು ಅರ್ಥ ಅಂತ ಹೇಳಹೊರಟಾಗ ಮಾತ್ರ ಎಚ್ಚರವಿರಬೇಕು. ಆಗ ಮಾತಾಡುವುದು ಎಷ್ಟೋ ಸಲ ಆಮೇಲೆ ಓದಿದ ಪುಸ್ತಕ.

ಇವರು ಮತ್ತೆ ಮತ್ತೆ ಹೇಳುವ ಒಂದು ಮಾತು ನನಗೆ ಮೊದಲು ವಿಚಿತ್ರ ಅನ್ನಿಸಿತು: ನೀವು ಕೇಳುತ್ತಿರುವ ಆಲ್ಬಂ ನಾವು ಕೇಳಿದ ಬ್ಯಾಂಡಲ್ಲ. ಇದು ಬರೀ ಹಿರಿಯರ ಜಂಬವಲ್ಲ, ಇದಕ್ಕೆ ಗಟ್ಟಿ ಆಧಾರವಿದೆ. 'ಅನ್‌ನೋನ್ ಪ್ಲೆಷರ್ಸ್' ಧ್ವನಿಮುದ್ರಣವಾದದ್ದು 1979ರ ಏಪ್ರಿಲ್‌ನಲ್ಲಿ, ಸ್ಟಾಕ್‌ಪೋರ್ಟಿನ ಸ್ಟ್ರಾಬೆರಿ ಸ್ಟುಡಿಯೋದಲ್ಲಿ, ಮಾರ್ಟಿನ್ ಹ್ಯಾನೆಟ್ ಎಂಬ ನಿರ್ಮಾಪಕನ ಕೈಯಲ್ಲಿ. ಹ್ಯಾನೆಟ್ ಡ್ರಮ್ಮಿನ ಒಂದೊಂದು ಏಟನ್ನೂ ಬಿಡಿಸಿ, ಪ್ರತಿಧ್ವನಿ ಕೊಟ್ಟು, ವಾದ್ಯ ವಾದ್ಯಗಳ ನಡುವೆ ಖಾಲಿ ಜಾಗ ಬಿಟ್ಟು, ಲಿಫ್ಟಿನ ಸದ್ದು ಗಾಜು ಒಡೆಯುವ ಸದ್ದುಗಳನ್ನೆಲ್ಲ ಸೇರಿಸಿ ಒಂದು ತಣ್ಣಗಿನ ದೊಡ್ಡ ಕೋಣೆ ಕಟ್ಟಿದ. ಸಮ್ನರ್ ಮತ್ತು ಹುಕ್ ಇಬ್ಬರಿಗೂ ಅದು ಹಿಡಿಸಲಿಲ್ಲ. ನಮ್ಮ ಶೋಗಳ ಜೋರು, ಸಿಟ್ಟು ಎಲ್ಲ ಎಲ್ಲಿ ಹೋಯಿತು ಎಂಬುದು ಅವರ ದೂರು. ಮುಂದೆ ಹುಕ್ ತನ್ನ ಪುಸ್ತಕದಲ್ಲಿ ಹ್ಯಾನೆಟ್ ಮಾಡಿದ್ದು ಸರಿಯೇ ಇತ್ತು ಎಂದು ಒಪ್ಪಿಕೊಳ್ಳುತ್ತಾನೆ.

ನನಗೂ ಹ್ಯಾನೆಟ್ ಗೆದ್ದ ಅನ್ನಿಸುತ್ತದೆ. ಆ ಆಲ್ಬಂ ಅವನಿಲ್ಲದೆ ಇಷ್ಟು ವರ್ಷ ನಿಲ್ಲುತ್ತಿರಲಿಲ್ಲ. ಆದರೆ ನೋಡಿದವರ ತಕರಾರನ್ನು ಅಷ್ಟಕ್ಕೇ ಬಿಡಲಾಗುವುದಿಲ್ಲ. ಆಲ್ಬಂ ಕೇಳುವವನು ಒಬ್ಬನೇ ಕೋಣೆಯಲ್ಲಿ ಕೂತಿರುತ್ತಾನೆ. ದುಃಖ ಅವನಿಗೆ ಎಲ್ಲೋ ದೂರದಿಂದ, ಅಂದವಾಗಿ ಬರುತ್ತದೆ. ಶೋಗೆ ಹೋದವರು ನೆನೆಯುವುದು ಎದೆಗೆ ಗುದ್ದುವ ಬೇಸ್ ಗಿಟಾರನ್ನು, ಕಿವಿ ಮುಚ್ಚಿಹೋಗುವಷ್ಟು ಸದ್ದನ್ನು. ರಾತ್ರಿಯಿಡೀ ಆಟ ನೋಡಿ ಬಂದವರಿಗೆ ಭಾಗವತರ ಕ್ಯಾಸೆಟ್ ಕೊಟ್ಟು ನೋಡಿ, 'ಚೆನ್ನಾಗಿದೆ' ಅನ್ನುತ್ತಾರೆ, ಆಮೇಲೆ ಚಂಡೆಯ ಬಗ್ಗೆ ಮಾತಾಡತೊಡಗುತ್ತಾರೆ. ಹಾಗೆಯೇ ಇದು. ಅದೃಷ್ಟಕ್ಕೆ ಕೆಲವು ಶೋಗಳ ಧ್ವನಿಮುದ್ರಣ ಉಳಿದಿವೆ. 1979ರ ಡಿಸೆಂಬರ್ 18ರಂದು ಪ್ಯಾರಿಸ್ಸಿನ ಲೆ ಬ್ಯಾಂ ದೂಶ್‌ನಲ್ಲಿ ನಡೆದದ್ದನ್ನು ಕೇಳಿದರೆ ಆ ಹಿರಿಯರು ಹೇಳುತ್ತಿರುವುದು ಅರ್ಥವಾಗುತ್ತದೆ. 1980ರ ಫೆಬ್ರವರಿ 28ರ ಪ್ರೆಸ್ಟನ್ ಶೋದಲ್ಲಿ ಉಪಕರಣಗಳೇ ಕೈಕೊಡುತ್ತವೆ, ಹಾಡುಗಳು ಕುಂಟುತ್ತವೆ. ಅದು ಕೆಟ್ಟ ಶೋ, ನನಗೆ ಬಹಳ ಇಷ್ಟ.

ಇನ್ನೊಂದು ತಿದ್ದುಪಡಿಯನ್ನೂ ಈ ನೆನಪುಗಳು ಮಾಡುತ್ತವೆ. ಜಾಯ್ ಡಿವಿಷನ್ ಅಂದರೆ ನಮ್ಮ ಕಣ್ಣಿಗೆ ಕಪ್ಪು ಬಿಳುಪು. 1979ರ ಜನವರಿಯಲ್ಲಿ ಹ್ಯೂಮಿನ ಸೇತುವೆಯ ಮೇಲೆ ಹಿಮದಲ್ಲಿ ನಿಂತ ನಾಲ್ವರನ್ನು ಕೆವಿನ್ ಕಮ್ಮಿನ್ಸ್ ತೆಗೆದ ಫೋಟೋ, ಅದೇ ವರ್ಷ ಲಂಡನ್ನಿನ ಸುರಂಗ ರೈಲು ನಿಲ್ದಾಣದಲ್ಲಿ ಆಂಟನ್ ಕೊರ್ಬೈನ್ ತೆಗೆದದ್ದು, ಮತ್ತೆ ಅದೇ ಕೊರ್ಬೈನ್ 2007ರಲ್ಲಿ ಮಾಡಿದ 'ಕಂಟ್ರೋಲ್' ಸಿನಿಮಾ, ಎಲ್ಲವೂ ಕಪ್ಪು ಬಿಳುಪು. ಸಂಗೀತ ಪತ್ರಿಕೆಗಳು ಕಪ್ಪು ಬಿಳುಪಿನಲ್ಲಿ ಅಚ್ಚಾಗುತ್ತಿದ್ದ ಕಾಲ ಅದು. ಫೋಟೋಗಳು ಹಾಗಿರುವುದಕ್ಕೆ ಆತ್ಮದ ಕತ್ತಲೆಯೇ ಕಾರಣವಾಗಬೇಕಿಲ್ಲ. ಹತ್ತಿರದಿಂದ ಕಂಡವರು ಹೇಳುವುದು ಚೇಷ್ಟೆಯ ಹುಡುಗರ ಬಗ್ಗೆ. ಬಜ್‌ಕಾಕ್ಸ್ ಬ್ಯಾಂಡಿನ ಜೊತೆ 1979ರ ಕೊನೆಯಲ್ಲಿ ಊರೂರು ತಿರುಗಿದಾಗ ಅವರ ಬಸ್ಸಿಗೆ ಇಲಿ ಬಿಟ್ಟ ಕತೆಯನ್ನು ಹುಕ್ ಖುಷಿಯಿಂದ ಹೇಳುತ್ತಾನೆ.

ಹಾಗಂತ ಎಲ್ಲ ನೆನಪೂ ಚಿನ್ನವಲ್ಲ. ಅದರಲ್ಲೂ ಮ್ಯಾಂಚೆಸ್ಟರ್ ಸುಳ್ಳು ನೆನಪುಗಳಿಗೆ ಹೆಸರಾದ ಊರು. 1976ರ ಜೂನ್ 4ರಂದು ಅಲ್ಲಿನ ಲೆಸ್ಸರ್ ಫ್ರೀ ಟ್ರೇಡ್ ಹಾಲಿನಲ್ಲಿ ಸೆಕ್ಸ್ ಪಿಸ್ಟಲ್ಸ್ ನಡೆಸಿದ ಶೋಗೆ ಬಂದದ್ದು ಬೆರಳೆಣಿಕೆಯ ಜನ, ನಲವತ್ತರ ಆಸುಪಾಸು ಅನ್ನುವವರು ಹೆಚ್ಚು. 'ನಾನೂ ಅಲ್ಲಿದ್ದೆ' ಅನ್ನುವವರು ಸಾವಿರಾರು. ಡೇವಿಡ್ ನೋಲನ್ ಎಂಬ ಪತ್ರಕರ್ತ ನಿಜಕ್ಕೂ ಯಾರಿದ್ದರು ಎಂದು ಹುಡುಕಿ ಒಂದು ಪುಸ್ತಕವನ್ನೇ ಬರೆದಿದ್ದಾನೆ. ಸಮ್ನರ್ ಮತ್ತು ಹುಕ್ ನಿಜಕ್ಕೂ ಅಲ್ಲಿದ್ದವರು. ನಾವೂ ಬ್ಯಾಂಡು ಕಟ್ಟಬಹುದು ಅಂತ ಅವರಿಗೆ ಅನ್ನಿಸಿದ್ದು ಆ ರಾತ್ರಿ. ಆದರೆ ಸುಳ್ಳು ಹೇಳಿ ಇದ್ದವರ ಸಾಲಿಗೆ ಸೇರಿಕೊಂಡವರ ಬಗ್ಗೆ ನನಗೆ ಸಿಟ್ಟಿಲ್ಲ. ಇರಬೇಕಿತ್ತು ಎಂಬ ಆಸೆಯೇ ಇದ್ದೆ ಎಂದಾಗಿಬಿಡುವುದು ಯಾವ ಊರಿನಲ್ಲಿಲ್ಲ? ನನಗೆ ಕಷ್ಟವಾಗುವುದು ನಿಜಕ್ಕೂ ಇದ್ದವರ ಒಂದು ನೆನಪು.

ಅದು ಕರ್ಟಿಸನ ಕುಣಿತದ್ದು. ನೋಡಿದವರಲ್ಲಿ ಅದನ್ನು ಹೇಳದವರಿಲ್ಲ. ಹಾಡಿನ ನಡುವೆ ಮೈಕು ಬಿಟ್ಟು, ಕಣ್ಣು ಎಲ್ಲೋ ನೆಟ್ಟು, ಮೊಣಕೈಗಳನ್ನು ಯಂತ್ರದ ಹಾಗೆ ಬೀಸುತ್ತ, ನಿಂತಲ್ಲೇ ಓಡುವವನಂತೆ ಅವನು ಅದುರುತ್ತಿದ್ದ. ಉಳಿದ ಮೂವರು ಹೆಚ್ಚು ಅಲುಗಾಡುತ್ತಿರಲಿಲ್ಲ. 1979ರ ಮಾರ್ಚ್‌ನಲ್ಲಿ ಬೌಡನ್ ವೇಲ್ ಎಂಬಲ್ಲಿನ ಯೂತ್ ಕ್ಲಬ್ಬಿನಲ್ಲಿ ಮಾಲ್ಕಮ್ ವೈಟ್‌ಹೆಡ್ ಸೂಪರ್ 8 ಕ್ಯಾಮೆರಾದಲ್ಲಿ ಹಿಡಿದ ತುಣುಕುಗಳಲ್ಲಿ ಅದು ಕಾಣುತ್ತದೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಿಬಿಸಿಯ 'ಸಮ್‌ಥಿಂಗ್ ಎಲ್ಸ್' ಕಾರ್ಯಕ್ರಮದಲ್ಲಿ ಇನ್ನೂ ಸ್ಪಷ್ಟವಾಗಿ. ಮೊದಲ ಸಲ ನೋಡಿದಾಗ ನಾನು ಲ್ಯಾಪ್‌ಟಾಪಿನ ಮುಂದೆ ಮೈಮರೆತೆ. ಮೂರು ನಾಲ್ಕು ಸಲ ಹಿಂದೆ ಮಾಡಿ ನೋಡಿದೆ. ಅವನಿಗೆ ಅಪಸ್ಮಾರವಿತ್ತು, ನಮ್ಮ ಆಡುಮಾತಿನಲ್ಲಿ ಫಿಟ್ಸ್, ಎಂದು ಓದಿದ್ದು ಅದಾದ ಮೇಲೆ.

1978ರ ಡಿಸೆಂಬರ್ ಕೊನೆಯಲ್ಲಿ ಲಂಡನ್ನಿನ ಶೋ ಮುಗಿಸಿ ಕಾರಿನಲ್ಲಿ ಹಿಂತಿರುಗುವಾಗ ಅವನಿಗೆ ದೊಡ್ಡ ಫಿಟ್ಸ್ ಬಂತು; ಜನವರಿಯಲ್ಲಿ ವೈದ್ಯರು ರೋಗಕ್ಕೆ ಹೆಸರು ಹೇಳಿದರು. ಇದರಲ್ಲಿ ಇನ್ನೊಂದು ಎಳೆಯಿದೆ. ಕರ್ಟಿಸ್ ಬ್ಯಾಂಡಿನ ಜೊತೆಜೊತೆಗೇ ಮ್ಯಾಕಲ್ಸ್‌ಫೀಲ್ಡಿನ ಉದ್ಯೋಗ ವಿನಿಮಯ ಕಚೇರಿಯಲ್ಲಿ ಕೆಲಸಕ್ಕಿದ್ದ. ಅಂಗವಿಕಲರಿಗೆ ಕೆಲಸ ಹುಡುಕಿಕೊಡುವ ವಿಭಾಗ. ಅಲ್ಲಿಗೆ ಬರುತ್ತಿದ್ದ ಫಿಟ್ಸ್ ಇದ್ದ ಒಬ್ಬ ಹುಡುಗಿಯಿಂದ 'ಶೀಸ್ ಲಾಸ್ಟ್ ಕಂಟ್ರೋಲ್' ಹಾಡು ಹುಟ್ಟಿತು ಎಂದು ಹತ್ತಿರದವರು ಹೇಳಿದ್ದಾರೆ. ಬೇರೆಯವರ ಮೈಯ ಬಗ್ಗೆ ಬರೆದ ಹಾಡು ತನ್ನ ಮೈಗೇ ಬಂತು. ಟಿವಿಯಲ್ಲಿ ಅವನು ಆ ಹಾಡನ್ನೂ ಹಾಡಿದ. ಕುಣಿತ ರೋಗಕ್ಕಿಂತ ಮೊದಲಿನದೇ, ರೋಗದಿಂದ ಬಂದದ್ದೇ, ರೋಗವನ್ನು ಅನುಕರಿಸುತ್ತಿತ್ತೇ, ತಡೆಯುತ್ತಿತ್ತೇ ಎಂಬುದನ್ನು ಯಾರೂ ಬಿಡಿಸಿ ಹೇಳಲಾರರು. ಪಕ್ಕದಲ್ಲಿ ಗಿಟಾರು ಹಿಡಿದು ನಿಂತವರಿಗೇ ಗೊತ್ತಾಗುತ್ತಿರಲಿಲ್ಲ. ಕುಣಿಯುತ್ತ ಕುಣಿಯುತ್ತ ಲಯ ಕೆಟ್ಟಾಗ, ಅಷ್ಟು ಹೊತ್ತಿಗೆ, ಓಡಿಹೋಗಿ ಎತ್ತಬೇಕಾಗುತ್ತಿತ್ತು.

ಕನ್ನಡ ಎಂ.ಎ. ಮಾಡಿದವರಿಗೆ ಇಲ್ಲಿ ಒಂದು ಹಳೆಯ ಪಾಠ ನೆನಪಾಗಲೇಬೇಕು. ತೀ.ನಂ.ಶ್ರೀ. ಅವರ 'ಭಾರತೀಯ ಕಾವ್ಯಮೀಮಾಂಸೆ'ಯಲ್ಲಿ ನಾವೆಲ್ಲ ಪರೀಕ್ಷೆಗೆಂದು ಉರುಹೊಡೆದ ಶಂಕುಕನ ಚಿತ್ರತುರಗ ನ್ಯಾಯ. ಚಿತ್ರದ ಕುದುರೆಯನ್ನು ನೋಡಿದಾಗ ಇದು ಕುದುರೆ ಅನ್ನುತ್ತೇವೆ. ಆ ತಿಳಿವು ನಿಜವೂ ಅಲ್ಲ, ಸುಳ್ಳೂ ಅಲ್ಲ, ಸಂಶಯವೂ ಅಲ್ಲ, ಹೋಲಿಕೆಯೂ ಅಲ್ಲ. ನಟನನ್ನು ನೋಡಿ ಇವನು ರಾಮ ಅನ್ನುವುದೂ ಹಾಗೆಯೇ. ಈ ನಾಲ್ಕಕ್ಕೂ ಸೇರದ ತಿಳಿವಿನಿಂದಲೇ ರಂಗದ ಸುಖ. ಅಭಿನವಗುಪ್ತನ ಗುರುಪರಂಪರೆ ಇದನ್ನು ಖಂಡಿಸಿತು, ಅದಿರಲಿ. ಪ್ರೇಕ್ಷಕ ನಿಶ್ಚಿಂತೆಯಿಂದ ಕೂರಬೇಕಾದರೆ ಕುದುರೆ ಚಿತ್ರದ್ದೇ ಆಗಿರಬೇಕು ಎಂಬುದನ್ನಂತೂ ಎಲ್ಲರೂ ಒಪ್ಪುತ್ತಾರೆ. ಲೋಕದ ಶೋಕ ಬೇರೆ, ಕರುಣರಸ ಬೇರೆ. ಪಕ್ಕದ ಮನೆಯವರು ಅಳುತ್ತಿದ್ದರೆ ಅದು ರಸವಲ್ಲ, ಎದ್ದು ಹೋಗಿ ಕೇಳಬೇಕಾದ ಸಂಗತಿ.

ಇದೇ ಪಾಠದಲ್ಲಿ ಇನ್ನೊಂದು ಪಟ್ಟಿಯಿದೆ: ಭರತನ ಮೂವತ್ತಮೂರು ವ್ಯಭಿಚಾರಿ ಭಾವಗಳು. ನಿರ್ವೇದ, ಗ್ಲಾನಿ, ಶಂಕೆ ಎಂದು ಶುರುವಾಗುವ ಆ ಪಟ್ಟಿಯಲ್ಲಿ ಅಪಸ್ಮಾರವೂ ಇದೆ. ಎಂ.ಎ. ಓದುವಾಗ ಅದೊಂದು ಪದ, ನೆನಪಿಡಲು ಕಷ್ಟವಾದ ಪದ. ಈಗ ಯೋಚಿಸಿದರೆ ಬೆರಗಾಗುತ್ತದೆ. ನಡುಗುವುದು, ನೆಲಕ್ಕೆ ಬೀಳುವುದು, ಇವನ್ನೆಲ್ಲ ಅಭಿನಯಿಸಬಹುದಾದ ಸಂಗತಿಗಳೆಂದು ನಮ್ಮ ಶಾಸ್ತ್ರ ಅಷ್ಟು ಹಿಂದೆಯೇ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಸಾತ್ವಿಕ ಭಾವಗಳಲ್ಲಿ ವೇಪಥು ಇದೆ, ಪ್ರಳಯ ಇದೆ: ನಡುಕ, ಮೂರ್ಛೆ. ಆದರೆ ವೇದಿಕೆಯ ಮೇಲಿನವನಿಗೆ ನಿಜವಾಗಿ ಅಪಸ್ಮಾರ ಬಂದರೆ, ಪ್ರೇಕ್ಷಕ ಅದನ್ನು ವ್ಯಭಿಚಾರಿ ಭಾವ ಎಂದೇ ನೋಡುತ್ತ ಕೂತರೆ, ಆಗ ಸಹೃದಯ ಎನ್ನುವ ಪದಕ್ಕೆ ಏನಾಗುತ್ತದೆ? ಈ ಪ್ರಶ್ನೆಯನ್ನು ಯಾವ ಪ್ರಶ್ನೆಪತ್ರಿಕೆಯೂ ನಮಗೆ ಕೇಳಿರಲಿಲ್ಲ.

1980ರ ಏಪ್ರಿಲ್ 4, ಲಂಡನ್. ಆ ಸಂಜೆ ಜಾಯ್ ಡಿವಿಷನ್ ಎರಡು ಕಡೆ ನುಡಿಸಬೇಕಿತ್ತು. ಮೊದಲು ಫಿನ್ಸ್‌ಬರಿ ಪಾರ್ಕಿನ ರೇನ್‌ಬೋ ಥಿಯೇಟರಿನಲ್ಲಿ, ಸ್ಟ್ರಾಂಗ್ಲರ್ಸ್ ಬ್ಯಾಂಡಿಗೆ ಮುಂಚೆ. ಪಟಪಟ ಮಿನುಗುವ ಸ್ಟ್ರೋಬ್ ದೀಪ ಹಾಕಬೇಡಿ ಎಂದು ಕೇಳಿಕೊಂಡಿದ್ದರೂ ಹಾಕಿದರು. ಕರ್ಟಿಸ್ ತತ್ತರಿಸಿ ಹಿಂದಕ್ಕೆ ಹೋಗಿ ಡ್ರಮ್ಮುಗಳ ಮೇಲೆ ಬಿದ್ದ; ಹೊತ್ತು ಒಳಗೆ ಒಯ್ದರು. ಸುಧಾರಿಸಿಕೊಂಡವನು ಎರಡನೇ ಶೋ ಬಿಡಲು ಒಪ್ಪಲಿಲ್ಲ. ವೆಸ್ಟ್ ಹ್ಯಾಂಪ್‌ಸ್ಟೆಡ್ಡಿನ ಮೂನ್‌ಲೈಟ್ ಕ್ಲಬ್ಬಿನಲ್ಲಿ ಮತ್ತೆ ವೇದಿಕೆ ಹತ್ತಿದ, ಮತ್ತೆ ಬಿದ್ದ. ಆ ರಾತ್ರಿ ಸಭೆಯಲ್ಲಿದ್ದ ಕೆಲವರು ಅದನ್ನು ಶೋದ ಭಾಗ ಅಂದುಕೊಂಡರು.

ಈ ಅಂದುಕೊಂಡದ್ದನ್ನು ಆಮೇಲೆ ಹೇಗೆ ನೆನೆಯುತ್ತಾರೆ ಅನ್ನುವುದರಲ್ಲಿ ನಾನು ಎರಡು ಬಗೆ ಕಂಡಿದ್ದೇನೆ. ಒಂದು ಬಗೆಯವರು ಎಲ್ಲವನ್ನೂ ಸಾವಿನ ಕಡೆಯಿಂದ ಹೇಳುತ್ತಾರೆ. ಅವನ ಕಣ್ಣಲ್ಲೇ ಇತ್ತು, ಅವನು ಈ ಲೋಕದವನಲ್ಲ ಅನ್ನಿಸಿತ್ತು, ಏನೋ ಆಗುತ್ತದೆ ಅಂತ ನಮಗೆ ಅಂದೇ ಗೊತ್ತಿತ್ತು ಎನ್ನುವ ಧಾಟಿ. ಇದರಲ್ಲಿ ಪ್ರೀತಿ ಇಲ್ಲವೆಂದಲ್ಲ. ಆದರೆ ನಾನು ಇದನ್ನು ನಂಬುವುದಿಲ್ಲ. ಅಂದೇ ಗೊತ್ತಿದ್ದರೆ ಚಪ್ಪಾಳೆ ತಟ್ಟಿದ್ದು ಯಾಕೆ ಎಂಬ ಪ್ರಶ್ನೆ ಬರುತ್ತದೆ. ಈ ಧಾಟಿಗೆ ಆ ಪ್ರಶ್ನೆ ಕೇಳಿಸುವುದೇ ಇಲ್ಲ. ಎರಡನೇ ಆಲ್ಬಂ 'ಕ್ಲೋಸರ್' ಅವನು ಸತ್ತ ಎರಡು ತಿಂಗಳಿಗೆ ಸಮಾಧಿಯ ಮೇಲಿನ ಶಿಲ್ಪದ ಫೋಟೋ ಹೊತ್ತು ಬಂದಾಗ ಅದನ್ನೂ ಶಕುನವೆಂದೇ ಓದಿದರು. ಹೊದಿಕೆ ಆರಿಸಿದ್ದು ಸಾವಿಗೆ ಮೊದಲು. ಶಕುನ ಹುಡುಕುವವರಿಗೆ ಎಲ್ಲಿ ನೋಡಿದರೂ ಹಲ್ಲಿ ಲೊಚಗುಟ್ಟುತ್ತದೆ.

ಇನ್ನೊಂದು ಬಗೆಯವರು ತಮ್ಮ ತಪ್ಪನ್ನು ಹಾಗೇ ಇಟ್ಟುಕೊಂಡು ಹೇಳುತ್ತಾರೆ. ಅದು ಕುಣಿತ ಅಂದುಕೊಂಡಿದ್ದೆವು. ಚೆನ್ನಾಗಿ ಕುಣಿದ ಅಂತ ಮಾತಾಡಿಕೊಂಡು ಮನೆಗೆ ಹೋದೆವು. ನಮ್ಮ ಬದುಕಿನ ಅತ್ಯಂತ ಒಳ್ಳೆಯ ಸಂಜೆಗಳಲ್ಲಿ ಅದೂ ಒಂದು. ಇವರು ಇದನ್ನೆಲ್ಲ ಒಟ್ಟಿಗೇ ಹೇಳುತ್ತಾರೆ, ಒಂದನ್ನು ಉಳಿಸಲು ಇನ್ನೊಂದನ್ನು ಕೈಬಿಡುವುದಿಲ್ಲ. ಕೇಳಲು ಇದು ಮೊದಲ ಬಗೆಯಷ್ಟು ಗಂಭೀರವಾಗಿರುವುದಿಲ್ಲ, ಕೆಲವೊಮ್ಮೆ ಬಾಲಿಶವಾಗಿಯೂ ಇರುತ್ತದೆ. ಆದರೆ ಆ ಸಂಜೆಯ ನಿಜವಾದ ದಾಖಲೆ ಇದೇ ಎಂಬುದು ನನ್ನ ವಾದ. ಏಕೆಂದರೆ ಆ ಸಂಜೆ ಹಾಲಿನಲ್ಲಿ ಇದ್ದದ್ದು ಆ ತಪ್ಪೇ. ಆ ತಪ್ಪನ್ನು ತಿದ್ದಿ ಹೇಳಿದ ಕ್ಷಣ ಪ್ರೇಕ್ಷಕ ಅಲ್ಲಿಂದ ಎದ್ದುಹೋಗುತ್ತಾನೆ. ಉಳಿಯುವುದು ಸಂತನ ಚರಿತ್ರೆ.

ಇದರಲ್ಲಿ ಪ್ರೇಕ್ಷಕರನ್ನಷ್ಟೇ ಕಟಕಟೆಗೆ ತರುವುದು ನ್ಯಾಯವಲ್ಲ. ಗ್ರಾಂಟ್ ಗೀ ಮಾಡಿದ ಸಾಕ್ಷ್ಯಚಿತ್ರದಲ್ಲಿ ಒಂದು ಪ್ರಸಂಗವಿದೆ. 'ಕ್ಲೋಸರ್' ಹಾಡುಗಳನ್ನು ಕೇಳಿದ ಆನಿಕ್ ಓನೋರೆ, ಕರ್ಟಿಸನಿಗೆ ಆಗ ಬಹಳ ಹತ್ತಿರವಿದ್ದ ಬೆಲ್ಜಿಯಂನ ಯುವತಿ, ಫ್ಯಾಕ್ಟರಿ ರೆಕಾರ್ಡ್ಸಿನ ಟೋನಿ ವಿಲ್ಸನ್‌ಗೆ ಹೇಳುತ್ತಾಳೆ: ಅವನು ಬರೆದದ್ದನ್ನೆಲ್ಲ ನಿಜಕ್ಕೂ ಉದ್ದೇಶಿಸಿಯೇ ಬರೆದಿದ್ದಾನೆ, ನನಗೆ ಭಯವಾಗುತ್ತಿದೆ. ವಿಲ್ಸನ್ ಅದನ್ನು ತಳ್ಳಿಹಾಕುತ್ತಾನೆ. ಅದು ಕಲೆಯಷ್ಟೇ ಎಂಬುದು ಅವನ ಸಮಾಧಾನ. ಬ್ಯಾಂಡಿನ ಉಳಿದವರೂ ಅವನ ಸಾಲುಗಳನ್ನು ಆಗ ಗಮನವಿಟ್ಟು ಕೇಳಿರಲಿಲ್ಲ ಎಂದು ಒಪ್ಪಿಕೊಂಡಿದ್ದಾರೆ. ವಿಲ್ಸನ್ ಮೂರ್ಖನಲ್ಲ. ಅವನು ಹೇಳಿದ್ದು ನಾವು ತರಗತಿಗಳಲ್ಲಿ ದಿನವೂ ಹೇಳುವ ಮಾತು. ಕವಿಯ ಬದುಕನ್ನು ಕವಿತೆಯೊಳಕ್ಕೆ ಎಳೆಯಬೇಡಿ, 'ನಾನು' ಅಂದರೆ ಕವಿಯಲ್ಲ, ಪಠ್ಯ ಸ್ವತಂತ್ರ. ಸೆಮಿನಾರಿನಲ್ಲಿ ಈ ಮಾತಿಗೆ ಅಂಕ ಸಿಗುತ್ತದೆ. 1980ರ ವಸಂತದಲ್ಲಿ ಒಬ್ಬ ಹುಡುಗನ ಮಟ್ಟಿಗೆ ಅದು ಬಹಳ ದುಬಾರಿಯಾಯಿತು.

ಬರೀ ನಗರದ ಶೋದ ಕತೆಯನ್ನೂ ಇಲ್ಲಿ ಹೇಳಬೇಕು. ಏಪ್ರಿಲ್ 8, ಮ್ಯಾಂಚೆಸ್ಟರಿನ ಹತ್ತಿರದ ಬರೀ, ಡರ್ಬಿ ಹಾಲ್. ಅದಕ್ಕೆ ಒಂದೆರಡು ದಿನ ಹಿಂದಷ್ಟೇ ಕರ್ಟಿಸ್ ವಿಪರೀತ ಮಾತ್ರೆ ನುಂಗಿ ಆಸ್ಪತ್ರೆ ಸೇರಿದ್ದ. ಶೋ ರದ್ದು ಮಾಡಲಿಲ್ಲ. ಬೇರೆ ಬ್ಯಾಂಡುಗಳ ಗಾಯಕರನ್ನು ನಿಲ್ಲಿಸಿ, ಅವನಿಂದ ಒಂದೆರಡು ಹಾಡು ಹಾಡಿಸಿ ಮುಗಿಸಬೇಕೆಂಬ ಏರ್ಪಾಡು. ಜನಕ್ಕೆ ಇದು ಮೋಸ ಅನ್ನಿಸಿತು. ಬಾಟಲಿಗಳು ಹಾರಿದವು, ಮೇಲಿನ ಗಾಜಿನ ದೀಪ ಒಡೆಯಿತು, ಹೊಡೆದಾಟವಾಯಿತು. ಇದನ್ನೆಲ್ಲ ತನ್ನಿಂದಲೇ ಆಯಿತೆಂದು ಕರ್ಟಿಸ್ ಒಳಗೆ ಕೂತು ಅಳುತ್ತಿದ್ದನಂತೆ. ಬರೀಯ ಗಲಭೆ ಇವತ್ತು ಅಭಿಮಾನಿಗಳ ನಡುವೆ ಒಂದು ಸಾಹಸದ ಕತೆ. ಯಾರ ತಲೆ ಒಡೆಯಿತು, ಯಾರು ವೇದಿಕೆಯಿಂದ ಜನರ ಮೇಲೆ ಹಾರಿದರು ಎಂದೆಲ್ಲ ನಗುನಗುತ್ತ ಹೇಳುತ್ತಾರೆ. ಹೇಳಲಿ, ಅವರಿಗೂ ಆಗ ಹದಿನೆಂಟು ಇಪ್ಪತ್ತು. ಟಿಕೆಟ್ಟಿನ ದುಡ್ಡು ಕೊಟ್ಟು ಬಂದವರಿಗೆ ಒಳಗೆ ಏನಾಗಿದೆ ಎಂದು ಯಾರೂ ಹೇಳಿರಲಿಲ್ಲ. ಆದರೆ ಈ ಕತೆ ಕೇಳುವಾಗ ನನಗೆ ನನ್ನದೇ ಒಂದು ನೆನಪು ಬಂದು ಗಂಟಲು ಕಟ್ಟುತ್ತದೆ.

ನಾನಾಗ ಎಂಟನೇ ತರಗತಿ. ಶಾಲಾ ವಾರ್ಷಿಕೋತ್ಸವದಲ್ಲಿ ಸಿನಿಮಾ ಹಾಡೊಂದಕ್ಕೆ ಹುಡುಗರ ಕುಣಿತವಿತ್ತು. ಹಿಂದಿನ ಸಾಲಿನ ಹುಡುಗನೊಬ್ಬ ನಡುವೆ ಬಿದ್ದ. ನೆಲದ ಮೇಲೆ ಅವನ ಕೈಕಾಲು ಅದುರುತ್ತಿದ್ದದ್ದು ಹಾಡಿನ ಬೀಟಿಗೆ ಸರಿಹೋಗುತ್ತಿತ್ತೋ, ಸರಿಹೋಯಿತು ಅಂತ ನಮಗೆ ಅನ್ನಿಸಿತೋ, ಮುಂದೆ ಕೂತಿದ್ದ ನಾವು ಶಿಳ್ಳೆ ಹೊಡೆದೆವು. ಯಾರೋ 'ಒನ್ಸ್ ಮೋರ್' ಅಂದರು. ಪಿ.ಟಿ. ಮೇಷ್ಟ್ರು ಓಡಿಬಂದು ಅವನ ಮುಷ್ಟಿಗೆ ಬೀಗದ ಕೈ ಗೊಂಚಲು ತುರುಕಿದಾಗಲೇ ಗಲಾಟೆ ನಿಂತದ್ದು. (ಕಬ್ಬಿಣ ಹಿಡಿಸಿದರೆ ಫಿಟ್ಸ್ ನಿಲ್ಲುವುದಿಲ್ಲ ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ.) ಹೋದ ವರ್ಷ ನಮ್ಮ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಆ ದಿನದ ಫೋಟೋ ಹಾಕಿ 'ಎಂಥಾ ದಿನಗಳು' ಎಂದು ಬರೆದರು. ಹಾಡು ನೆನಪಾಯಿತು, ಬಣ್ಣದ ಕಾಗದ ನೆನಪಾಯಿತು, ಶಾಮಿಯಾನ ನೆನಪಾಯಿತು. ಬಿದ್ದವನ ಮಾತು ಯಾರೂ ಎತ್ತಲಿಲ್ಲ. ಅವನು ಆ ಗುಂಪಿನಲ್ಲಿಲ್ಲ. ನಾನೂ ಫೋಟೋಗೆ ಒಂದು ಹೃದಯದ ಗುರುತು ಒತ್ತಿ ಸುಮ್ಮನಾದೆ.

ಇದಾದ ಮೇಲೆ ಸಂಶೋಧನೆಯ ಕೆಲಸದಲ್ಲಿ ನನ್ನದೊಂದು ಅಭ್ಯಾಸ ಬದಲ್ಲಾಗಿದೆ. ಹಿರಿಯರನ್ನು ಮಾತಾಡಿಸುವಾಗ ಹಿಂದೆಲ್ಲ 'ನಿಮಗೆ ಮರೆಯಲಾಗದ ಪಾತ್ರ ಯಾವುದು' ಎಂದು ಕೇಳುತ್ತಿದ್ದೆ. ಉತ್ತರ ಸಿದ್ಧವಾಗಿರುತ್ತಿತ್ತು, ಹಲವು ಸಲ ಹೇಳಿ ನುಣುಪಾದ ಉತ್ತರ. ಈಗ 'ನಾಟಕ ನೋಡುವಾಗ ನೀವು ಏನನ್ನಾದರೂ ತಪ್ಪು ತಿಳಿದುಕೊಂಡದ್ದಿದೆಯಾ' ಎಂದು ಕೇಳುತ್ತೇನೆ. ಮೊದಲು ಗೊಂದಲವಾಗುತ್ತಾರೆ. ಒಬ್ಬ ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, ಒಂದು ರಾತ್ರಿ ನಟಿಯ ದನಿ ಒಡೆದದ್ದನ್ನು ಪಾತ್ರದ ಅಳು ಅಂದುಕೊಂಡು ತಾವೂ ಅತ್ತದ್ದನ್ನು ಹೇಳಿದರು. ಆಕೆಗೆ ಜ್ವರವಿತ್ತು ಎಂದು ಮರುದಿನ ತಿಳಿಯಿತಂತೆ. 'ಆದ್ರೂ ಆವತ್ತಿನ ನಾಟ್ಕ ಭಾಳ ಚೊಲೊ ಆಗಿತ್ತ ನೋಡವಾ' ಅಂದರು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಅದಕ್ಕಿಂತ ಒಳ್ಳೆಯ ಸಾಲು ಇನ್ನೂ ಬಂದಿಲ್ಲ.

ಜಾಯ್ ಡಿವಿಷನ್ನಿನ ಕೊನೆಯ ಶೋ 1980ರ ಮೇ 2ರಂದು, ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಹೈ ಹಾಲ್ ಎಂಬ ವಿದ್ಯಾರ್ಥಿ ನಿಲಯದಲ್ಲಿ ನಡೆಯಿತು. ಅದು ಕೊನೆಯದೆಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಅದರ ಧ್ವನಿಮುದ್ರಣ 1981ರಲ್ಲಿ 'ಸ್ಟಿಲ್' ಎಂಬ ಸಂಗ್ರಹದಲ್ಲಿ ಬಂತು. ಶುರುವಾಗುವುದು 'ಸೆರಮನಿ' ಎಂಬ ಹೊಸ ಹಾಡಿನಿಂದ. ಕರ್ಟಿಸ್ ಅದನ್ನು ಜನರ ಮುಂದೆ ಹಾಡಿದ್ದು ಅದೊಂದೇ ಸಲ. ಆದರೆ ಹಾಡಿನ ಮೊದಲ ಭಾಗದಲ್ಲಿ ಅವನ ದನಿ ಸರಿಯಾಗಿ ಕೇಳುವುದಿಲ್ಲ. ಅವನು ಹೋದ ಮೇಲೆ ಉಳಿದ ಮೂವರು ನ್ಯೂ ಆರ್ಡರ್ ಹೆಸರಿನಲ್ಲಿ ತಮ್ಮ ಮೊದಲ ರೆಕಾರ್ಡಾಗಿ ಅದೇ ಹಾಡನ್ನು ಮುದ್ರಿಸಲು ಕೂತರು. ಸಾಲುಗಳನ್ನು ಬರೆದಿಟ್ಟವರು ಯಾರೂ ಇರಲಿಲ್ಲ. ಹಾಡಬೇಕಾದ ಸಮ್ನರ್ ಹಳೆಯ ಟೇಪನ್ನು ಗ್ರಾಫಿಕ್ ಈಕ್ವಲೈಸರಿಗೆ ಹಾಕಿ, ಗಿಟಾರು ಡ್ರಮ್ಮುಗಳ ಸದ್ದನ್ನು ತಗ್ಗಿಸಿ, ಸುಮಾರು ಮೂರು ವರ್ಷ ತನ್ನ ಪಕ್ಕದಲ್ಲೇ ನಿಂತು ಹಾಡಿದವನು ಏನು ಹೇಳುತ್ತಿದ್ದಾನೆ ಎಂದು ಮತ್ತೆ ಮತ್ತೆ ಹಾಕಿ ಕೇಳಿದ. ಕೆಲವು ಪದ ಸಿಕ್ಕವು. ಸಿಗದ ಕಡೆ ಊಹಿಸಿ ಹಾಡಿದ.